ಒಣಗೋಕೆ ಹೋದವನು

ಜುಲೈನಲ್ಲಿ ಮುಳ್ಳಯ್ಯನಗಿರಿ ಮುಖ ತೋರಿಸುವುದಿಲ್ಲ, ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಬಟ್ಟೆ ಒಣಗುವುದಿಲ್ಲ. ಚಡ್ಡಿ, ಬನಿಯನ್ನು ಎಲ್ಲ ಬಚ್ಚಲೊಲೆ ಮೇಲೆ ಹೊಗೆ ಕುಡಿಯುತ್ತಾ ನೇತಾಡುತ್ತವೆ. ಇಂಥ ಹೊತ್ತಲ್ಲಿ ಭಾವ ಬಂದು, "ರೆಸಾರ್ಟಲ್ಲಿ ಡ್ರೈ ಸೌನಾ ಇದೆ ಬಾರೋ, ಬಿಸಿ ಕೋಣೇಲಿ ಕೂತು ಬೆವರೋದು, ನಿನ್ನ ಮಂಡಿ ನೋವಿಗೂ ಒಳ್ಳೇದು" ಎಂದರು. ನನಗೆ ಕೇಳಿಸಿದ್ದು 'ಡ್ರೈ' ಒಂದೇ.

ಮರದ ಪೆಟ್ಟಿಗೆಯಂಥ ಕೋಣೆ, ಮೂಲೆಯಲ್ಲಿ ಕಾದ ಕಲ್ಲು. ಮೀಟರಿನಲ್ಲಿ 85 ಡಿಗ್ರಿ! ಅಷ್ಟು ಬಿಸಿ ನೀರಿಗೆ ಕೈ ಅದ್ದಿದರೆ ಬೊಬ್ಬೆ ಏಳುತ್ತೆ. ಇಲ್ಲಿ ಗಾಳಿ ಒಣಗಿರುವುದರಿಂದ ಬೆವರು ಬೇಗ ಆರಿ ಮೈ ತಂಪಾಗುತ್ತೆ, ಅದಕ್ಕೇ ತಡೆದುಕೊಳ್ಳುತ್ತೇವೆ ಎಂದರು ಭಾವ. ಫಿನ್ಲೆಂಡಿನಲ್ಲಿ 55 ಲಕ್ಷ ಜನಕ್ಕೆ ಸುಮಾರು 30 ಲಕ್ಷ ಸೌನಾ. ಅಲ್ಲಿನ 2,315 ಗಂಡಸರನ್ನು ಸುಮಾರು 20 ವರ್ಷ ಗಮನಿಸಿ 2015ರಲ್ಲಿ ಒಂದು ಅಧ್ಯಯನ ಬಂತು. ವಾರಕ್ಕೆ 4ರಿಂದ 7 ಸಲ ಸೌನಾಗೆ ಹೋಗುವವರಲ್ಲಿ ಹೃದಯ ನಿಂತು ದಿಢೀರನೆ ಸಾಯುವುದು ಕಡಿಮೆ ಇತ್ತು. ಸೌನಾವೇ ಕಾರಣ ಅಂತ ಅದರಿಂದ ಸಾಬೀತಾಗಲಿಲ್ಲ. ಕಡುಬು, ಕೋಳಿ ಸಾರು ಬಾರಿಸಿ ಜೀವಮಾನಕ್ಕೊಮ್ಮೆ ಹೋಗುವ ನನ್ನಂಥವರ ಲೆಕ್ಕವಂತೂ ಅದರಲ್ಲಿರಲಿಕ್ಕಿಲ್ಲ.

ಮದುವೆಮನೆಯಲ್ಲಿ ಮುಂದಿನ ಕುರ್ಚಿ ಹಿಡಿದು ಅಭ್ಯಾಸ. ಸೀದಾ ಮೇಲಿನ ಹಲಗೆ ಹತ್ತಿ ಕೂತೆ. ಬಿಸಿ ಗಾಳಿ ಮೇಲಕ್ಕೇರುತ್ತೆ ಅಂತ ಸ್ಕೂಲಲ್ಲಿ ಓದಿದ್ದು ನೆನಪಾಗಿದ್ದು ಐದನೇ ನಿಮಿಷಕ್ಕೆ.

ಲೋಹದ ಒಡವೆ ತೆಗೆದಿಡಿ ಅಂತ ಬೋರ್ಡಿತ್ತು. ಉಂಗುರ, ವಾಚು ತೆಗೆದಿದ್ದೆ. ಬೆಳ್ಳಿ ಉಡಿದಾರವನ್ನು ಯಾರಾದರೂ ಒಡವೆ ಅಂತಾರಾ? ಸಡಿಲವಾಗಿ ನೇತಾಡುತ್ತಾ ಚೆನ್ನಾಗಿ ಕಾದಿದ್ದ ಅದು, ನಾನು ಸ್ವಲ್ಪ ಹೊರಳಿದ್ದೇ ತಡ, ಸೊಂಟಕ್ಕೆ ತಾಗಿತು. ಕೆಂಜಿರುವೆ ಸಾಲು ಹೊರಟ ಹಾಗಾಯಿತು.

ದಡಕ್ಕನೆ ಎದ್ದೆ. ಬಿಸಿಗೆ ರಕ್ತನಾಳ ಹಿಗ್ಗಿ ಬಿಪಿ ಇಳಿದಿರುತ್ತೆ, ಹಾಗೆಲ್ಲ ಏಳಬಾರದು. ಕಣ್ಣು ಕತ್ತಲಿಟ್ಟಿತು. ಆಸರೆಗೆ ಸಿಕ್ಕಿದ್ದು ಕೆಳಗೆ ಕೂತಿದ್ದ ಭಾವನ ತಲೆ. ಬೋಳು, ಮೇಲೆ ಬೆವರು. ಜಾರಿತು.

ಹೊರಗೆ ಕೂರಿಸಿ ಅಲ್ಲಿನ ಹುಡುಗ ನೀರು ಕೊಟ್ಟ. "ಮೊದಲ ಸಲಕ್ಕೆ ಐದ್ಹತ್ತು ನಿಮಿಷ ಸಾಕು ಸಾರ್, ಕೆಳಗಿನ ಹಲಗೇಲಿ ಕೂರಿ, ಡ್ರಿಂಕ್ಸ್ ಹಾಕ್ಕೊಂಡು ಬರಬೇಡಿ, ಹಾರ್ಟ್ ತೊಂದರೆ ಇದ್ರೆ ಡಾಕ್ಟರನ್ನ ಕೇಳಿ ಅಂತ ಆಗಲೇ ಹೇಳಿದ್ನಲ್ಲ?" ಹೇಳಿದ್ದ. ನಾನಾಗ ಟವೆಲ್ಲಿಗೆ ಬಾಡಿಗೆ ಯಾಕೆ ಅಂತ ಜಗಳಕ್ಕೆ ನಿಂತಿದ್ದೆ.

ಮಂಡಿ ಆ ರಾತ್ರಿ ಸುಮ್ನಿತ್ತು, ಅದನ್ನು ಒಪ್ಪಲೇಬೇಕು. ಆದರೆ ಬಾಡಿಗೆ ಉಳಿಸಲು ಒಯ್ದಿದ್ದೆನಲ್ಲ, ಮನೆಯಲ್ಲಿ ಒಣಗಿದ್ದ ಒಂದೇ ಒಂದು ಟವೆಲ್, ಅದು ಬೆವರಲ್ಲಿ ತೊಯ್ದು ತೊಪ್ಪೆಯಾಗಿ ಬಂತು. ಬಚ್ಚಲೊಲೆ ಮೇಲೆ ಹಾಕಿ ಇವತ್ತಿಗೆ ನಾಲ್ಕು ದಿನ. ಇನ್ನೂ ಹಸಿ.