ಆ್ಯಪ್ ನಿಂತರೆ ಇ-ಸ್ಕೂಟರ್ ಗುಜರಿಗೆ? ಸ್ಪಷ್ಟನೆ

‘ಕಂಪನಿ ಮುಚ್ಚಿ ಆ್ಯಪ್ ನಿಂತರೆ ನಿಮ್ಮ ಎಲೆಕ್ಟ್ರಿಕ್ ಗಾಡಿ ಗುಜರಿಗೇ’ ಎಂಬ ಸಂದೇಶ ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಬಹುಪಾಲು ತಪ್ಪು.

ಆಕ್ಸಿಲರೇಟರ್ ತಿರುಗಿಸಿದಾಗ ಮೋಟಾರ್‌ಗೆ ವಿದ್ಯುತ್ ಹರಿಸುವ ಕಂಟ್ರೋಲರ್, ಮೋಟಾರ್, ಬ್ಯಾಟರಿಯನ್ನು ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟ್ ಕೆಲಸ ಮಾಡುವುದು ಗಾಡಿಯೊಳಗಿನ ವೈರಿಂಗ್ ಮೇಲೆಯೇ. ಅದಕ್ಕೆ ಇಂಟರ್ನೆಟ್ ಬೇಡ. ಕೀ ಇರುವ ಗಾಡಿಗೆ ಫೋನಿನ ಹಂಗೇ ಇಲ್ಲ. ಕೀ ಇಲ್ಲದ ಓಲಾ ಎಸ್1ನಂಥವಕ್ಕೂ ಸ್ಕ್ರೀನ್ ಮೇಲೆ ಪಾಸ್‌ಕೋಡ್ ಒತ್ತಬಹುದು. ಮನೆಯ ಪ್ಲಗ್‌ನಲ್ಲಿ ಚಾರ್ಜ್ ಮಾಡಲೂ ಆ್ಯಪ್ ಬೇಡ. ಸಾರ್ವಜನಿಕ ಚಾರ್ಜರ್‌ಗಳಿಗೆ ಮಾತ್ರ ಸಾಮಾನ್ಯವಾಗಿ ಬೇಕು.

ಭಯ ಹುಟ್ಟಿದ್ದು ಸುಮ್ಮನೆ ಅಲ್ಲ. 2023ರ ಜುಲೈನಲ್ಲಿ ನೆದರ್‌ಲ್ಯಾಂಡ್ಸ್‌ನ ವ್ಯಾನ್‌ಮೂಫ್ ದಿವಾಳಿಯಾದಾಗ, ಅದರ ಇ-ಸೈಕಲ್‌ಗಳ ಡಿಜಿಟಲ್ ಕೀ ಕಂಪನಿಯ ಸರ್ವರ್‌ನಿಂದ ಬರುತ್ತಿದ್ದರಿಂದ, ಸರ್ವರ್ ನಿಂತರೆ ಕೀ ಸಿಗದು ಎಂಬ ಆತಂಕ ಎದ್ದಿತು. ಪ್ರತಿಸ್ಪರ್ಧಿ ಕೌಬಾಯ್ ಕಂಪನಿಯೇ ಆ ಕೀ ಉಳಿಸಿಕೊಳ್ಳಲು ಆ್ಯಪ್ ಕೊಟ್ಟಿತು.

ನಮ್ಮಲ್ಲಿ ಸವಾರರು ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ: ಆ್ಯಪ್ ಲಾಗೌಟ್ ಆಗಿರುತ್ತದೆ, ಒಟಿಪಿ ಬರಲು ಸಿಗ್ನಲ್ ಇರುವುದಿಲ್ಲ. ಪಾಸ್‌ಕೋಡ್ ಇಟ್ಟುಕೊಂಡು, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಒಮ್ಮೆ ಸ್ಟಾರ್ಟ್ ಮಾಡಿ ನೋಡಿ. ಗಾಡಿಯ ಸ್ಕ್ರೀನೇ ಆನ್ ಆಗದಿದ್ದರೆ ಆ್ಯಪನ್ನು ಬೈಯಬೇಡಿ. 12 ವೋಲ್ಟ್‌ನ ಸಣ್ಣ ಬ್ಯಾಟರಿ ಇರುವ ಮಾದರಿಗಳಲ್ಲಿ ಅದು ಇಳಿದಿರಬಹುದು.