ಎಡ ಎಂದರೆ ಯಾರ ಎಡ?

ಗೇಟನ್ನು ಕಾಯಬೇಕಿದ್ದ ನಮ್ಮ ಹೊರಗೋಡೆಯ ಕ್ಯಾಮೆರಾ ಕೆಲವು ದಿನಗಳಿಂದ ಆಕಾಶವನ್ನು ಕಾಯತೊಡಗಿತ್ತು. “ಕಳ್ಳರು ಮೇಲಿನಿಂದ ಇಳಿಯುವುದಾದರೆ ಹಾಗೆಯೇ ಇರಲಿ ಬಿಡಿ” ಎಂದಳು ಹೆಂಡತಿ. ಆ ಮಾತಿಗೆ ಏಣಿ ಹತ್ತದೆ ಬೇರೆ ದಾರಿ ಇರಲಿಲ್ಲ.

ಕ್ಯಾಮೆರಾದ ಕುತ್ತಿಗೆಯಲ್ಲಿ ಒಂದು ಪುಟ್ಟ ತಿರುಪು, ಅದರ ತಲೆಯಲ್ಲಿ ಆರು ಮೂಲೆಯ ಗುಣಿ. ಅದಕ್ಕೆ ಹೊಂದುವ ಅಲೆನ್ ಕೀ ಡಬ್ಬಿಯ ಜೊತೆಗೇ ಬಂದಿತ್ತು. ಅದನ್ನು ನಾನು ಎಷ್ಟು ಜೋಪಾನವಾಗಿ ಎತ್ತಿಟ್ಟಿದ್ದೆನೆಂದರೆ, ನನಗೇ ಸಿಗಲಿಲ್ಲ. ಮುಕ್ಕಾಲು ಗಂಟೆ ಹುಡುಕಿದ ಮೇಲೆ ಹೊಲಿಗೆಯ ಡಬ್ಬಿಯಲ್ಲಿ, ಗುಂಡಿಗಳ ನಡುವೆ ಮಲಗಿತ್ತು.

ತಿರುಪನ್ನು ಅರ್ಧ ಸುತ್ತು ಸಡಿಲಿಸಿದ್ದರೆ ಸಾಕಿತ್ತು. ತಿರುಗಿಸಿದರೆ ತಿರುಗುವಷ್ಟು, ಬಿಟ್ಟರೆ ನಿಲ್ಲುವಷ್ಟು ಬಿಗಿ ಉಳಿಯುತ್ತಿತ್ತು. ಧಾರಾಳಿಯಾದ ನಾನು ಮೂರು ಸುತ್ತು ಸಡಿಲಿಸಿದೆ. ಮಧ್ಯಾಹ್ನದ ಭಾಷಣ ಕೇಳುವವರ ತಲೆಯಂತೆ ಕ್ಯಾಮೆರಾ ತಟಕ್ಕನೆ ತೂಗಿಬಿತ್ತು. ಹಿಡಿಯಲು ಹೋದ ಹೆಬ್ಬೆರಳು ನೇರವಾಗಿ ಗಾಜಿನ ಮೇಲೆಯೇ ಕುಳಿತಿತು.

ಕೆಳಗೆ ಮೊಬೈಲ್ ಹಿಡಿದು ನಿಂತವಳು “ಎಡಕ್ಕೆ ರೀ” ಎಂದಳು. ಗೋಡೆಗೆ ಮುಖ ಮಾಡಿದ ನನ್ನ ಎಡವೇ? ಗೋಡೆಗೆ ಬೆನ್ನು ಮಾಡಿದ ಕ್ಯಾಮೆರಾದ ಎಡ ನನಗೆ ಬಲವಲ್ಲವೇ? ಅಷ್ಟೇ ಅಲ್ಲ, ಕ್ಯಾಮೆರಾ ಎಡಕ್ಕೆ ತಿರುಗಿದರೆ ಚಿತ್ರದೊಳಗಿನ ಗೇಟು ಬಲಕ್ಕೆ ಸರಿಯುತ್ತದೆ. ಇದನ್ನೆಲ್ಲ ಏಣಿಯ ಮೇಲಿನಿಂದ ವಿವರಿಸಿದೆ. “ಹಾಗಾದರೆ ಇನ್ನೊಂದು ಎಡಕ್ಕೆ” ಎಂದಳು.

ಸಾಲದ್ದಕ್ಕೆ ಚಿತ್ರ ಮೊಬೈಲಿಗೆ ತಲುಪುತ್ತಿದ್ದುದು ಎರಡು ಸೆಕೆಂಡ್ ತಡವಾಗಿ. “ಸಾಕು, ಅಲ್ಲೇ ಬಿಡಿ” ಎನ್ನುವ ಹೊತ್ತಿಗೆ ಕ್ಯಾಮೆರಾ ಆ ‘ಅಲ್ಲೇ’ಯನ್ನು ದಾಟಿ ಹೋಗಿರುತ್ತಿತ್ತು. ಅವಳು ಬೈಯುತ್ತಿದ್ದುದು ನನ್ನ ಹಿಂದಿನ ತಪ್ಪಿಗೆ. ನಾನು ಅಷ್ಟರಲ್ಲಿ ಮುಂದಿನದರಲ್ಲಿ ಮಗ್ನನಾಗಿದ್ದೆ. ಅಂತೂ ಗೇಟು ಸಿಕ್ಕಿತು. ಬಿಗಿ ಮಾಡಿದೆ. ಬಿಗಿಯಾಗುವ ಕೊನೆಯ ಗಳಿಗೆಯಲ್ಲಿ ಅದು ಕೂದಲೆಳೆಯಷ್ಟು ಜರುಗಿತು. ಅಲ್ಲಿ ಕೂದಲೆಳೆ, ಗೇಟಿನ ಬಳಿ ಮೂರು ಅಡಿ. ಮತ್ತೆ ಸಡಿಲ, ಮತ್ತೆ ಎಡ.

ರಾತ್ರಿ ಹೆಮ್ಮೆಯಿಂದ ಮೊಬೈಲ್ ತೆರೆದರೆ ಗೇಟೂ ಇಲ್ಲ, ರಸ್ತೆಯೂ ಇಲ್ಲ, ಬರೀ ಬಿಳಿ ಮಂಜು. ಹಗಲಿನಲ್ಲಿ ಸುಮ್ಮನಿದ್ದ ನನ್ನ ಹೆಬ್ಬೆರಳಿನ ಜಿಡ್ಡು, ಕತ್ತಲಾದೊಡನೆ ಕ್ಯಾಮೆರಾದ ಅತಿಗೆಂಪು ಬೆಳಕನ್ನು ಗಾಜಿನ ತುಂಬ ಚೆಲ್ಲಾಡುತ್ತಿತ್ತು. “ಬೆರಳಚ್ಚು ಕಳ್ಳನದು ಸಿಗಲಿ ಎಂದಿದ್ದೆ” ಎಂದಳು ಹೆಂಡತಿ.

ಮೆತ್ತನೆಯ ಬಟ್ಟೆ ಹಿಡಿದು ಮತ್ತೆ ಏಣಿ ಹತ್ತಿದೆ. ಒರೆಸಲು ಕೈ ಎತ್ತಿದ್ದೆನಷ್ಟೇ, ಜೇಬಿನ ಮೊಬೈಲ್ ಕಿಣಿಗುಟ್ಟಿತು: “ನಿಮ್ಮ ಮನೆಯ ಬಳಿ ಅಪರಿಚಿತ ವ್ಯಕ್ತಿ.” ಅದೂ ಎರಡು ಸೆಕೆಂಡ್ ತಡವಾಗಿ.