ರಾಜಸ್ಥಾನದವರ ತಾಯಿನುಡಿ ಹಿಂದಿಯಲ್ಲ

ಇಂದು ಮಧ್ಯಾಹ್ನ ಚಿಕ್ಕಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೇಳಿದ ಮಾತು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ಅಂಗಡಿಯ ಯಜಮಾನರು ಊರಿನಲ್ಲಿರುವ ತಾಯಿಯೊಂದಿಗೆ ಫೋನಿನಲ್ಲಿ ಮಾರವಾಡಿ ಮಾತನಾಡುತ್ತಿದ್ದರೆ, ಪಕ್ಕದಲ್ಲಿ ಸೀರೆ ನೋಡುತ್ತಿದ್ದವರೊಬ್ಬರು ಮಗಳಿಗೆ, "ಅದೂ ಹಿಂದಿಯೇ, ಸ್ವಲ್ಪ ಹಳ್ಳಿಯ ಹಿಂದಿ" ಎಂದು ವಿವರಿಸಿದರು. ಹಿಂದಿ ಹೇರಿಕೆಯನ್ನು ಇಷ್ಟು ಗಟ್ಟಿಯಾಗಿ ವಿರೋಧಿಸುವ ನಾವೇ ಇನ್ನೊಬ್ಬರ ತಾಯಿನುಡಿಯನ್ನು ಹಿಂದಿಯ ಲೆಕ್ಕಕ್ಕೆ ಬರೆದುಬಿಡುವುದನ್ನು ನನ್ನಿಂದ ಸಹಿಸಲಾಗದು.

ಉದ್ಯೋಗದ ನಿಮಿತ್ತ ನಾನು ರಾಜಸ್ಥಾನದ ಜೋಧಪುರ, ಕೋಟಾಗಳಲ್ಲಿ ಇದ್ದೆ. ಅಲ್ಲಿನ ನುಡಿಗಳನ್ನು ಒಟ್ಟಾಗಿ ರಾಜಸ್ಥಾನಿ ಎನ್ನುತ್ತಾರೆ. ಜೋಧಪುರ, ಬೀಕಾನೇರ, ಜೈಸಲ್ಮೇರಗಳ ಮಾರವಾಡಿ ಗಡಿಯಾಚೆ ಸಿಂಧ್‌ನ ಥಾರಪಾರ್ಕರ್‌ವರೆಗೂ ಹಬ್ಬಿದೆ. ಉದಯಪುರ, ಚಿತ್ತೋಡಗಢಗಳಲ್ಲಿ ಮೇವಾಡಿ, ಜೈಪುರದ ಸುತ್ತ ಢೂಂಢಾಡಿ, ಕೋಟಾ, ಬೂಂದಿಗಳಲ್ಲಿ ಹಾಡೌತಿ, ಸೀಕರ, ಝುಂಝುನುಗಳಲ್ಲಿ ಶೇಖಾವಾಟಿ ಕೇಳಿಸುತ್ತವೆ. ಅಲವರದ ಮೇವಾತಿ ಹರಿಯಾಣದ ನೂಹ್‌ಗೂ ಸೇರಿದ್ದು. ಡೂಂಗರಪುರ, ಬಾಂಸವಾಡಾಗಳ ವಾಗಡಿಯಂತೂ ಗುಜರಾತಿಗೆ ಹತ್ತಿರದ್ದು. ರಾಮನ ಮನೆಯನ್ನು ಜೋಧಪುರದವರು ‘ರಾಮ್ ರೋ ಘರ್’ ಎಂದರೆ ಜೈಪುರದ ಹಳ್ಳಿಗಳವರು ‘ರಾಮ್ ಕೋ ಘರ್’ ಎನ್ನುತ್ತಾರೆ. ಹಿಂದಿಯ ‘ಹೈ’ ಇರಬೇಕಾದಲ್ಲಿ ಕೋಟಾದಲ್ಲಿ ‘ಛೈ’ ಬರುತ್ತದೆ. ಪ್ರಮಾಣ ಹಿಂದಿಯಲ್ಲಿ ಇಲ್ಲದ ನಮ್ಮ ಳಕಾರ ಅಲ್ಲಿ ಇಂದಿಗೂ ಜೀವಂತವಾಗಿದೆ; ಮಾರವಾಡಿ ಅಡುಗೆಮನೆಯಲ್ಲಿ ಬೇಯುವುದು ‘ದಾಳ’, ‘ದಾಲ್’ ಅಲ್ಲ. ಭಾಷಾತಜ್ಞ ಜಾರ್ಜ್ ಗ್ರಿಯರ್‌ಸನ್ ತಮ್ಮ ಭಾರತದ ಭಾಷಾ ಸಮೀಕ್ಷೆಯ 1908ರ ಸಂಪುಟದಲ್ಲೇ ರಾಜಸ್ಥಾನಿಯನ್ನು ಪಶ್ಚಿಮ ಹಿಂದಿಯಿಂದ ಬೇರೆಯಾಗಿಟ್ಟು ಗುಜರಾತಿಯ ಜೊತೆಗೆ ವಿವರಿಸಿದ್ದರು.

ಆದರೂ 2011ರ ಜನಗಣತಿಯಲ್ಲಿ ರಾಜಸ್ಥಾನಿ ಎಂದು ಬರೆಸಿದ ಸುಮಾರು 2.58 ಕೋಟಿ ಜನರನ್ನೂ, ಮಾರವಾಡಿ ಎಂದ 78 ಲಕ್ಷ, ಮೇವಾಡಿ ಎಂದ 42 ಲಕ್ಷ ಜನರನ್ನೂ ಹಿಂದಿಯ ಮೊತ್ತಕ್ಕೆ ಸೇರಿಸಲಾಯಿತು. ತಮ್ಮ ನುಡಿಯ ಹೆಸರನ್ನು ಸ್ಪಷ್ಟವಾಗಿ ಹೇಳಿದವರಿಗೂ ಅದನ್ನು ಉಳಿಸಿಕೊಡಲಿಲ್ಲ. ಮಾನ್ಯತೆ ಪಡೆದ ಭಾಷೆಗಳ ಪಟ್ಟಿಯಾದ ಸಂವಿಧಾನದ ಎಂಟನೆಯ ಅನುಸೂಚಿಗೆ ರಾಜಸ್ಥಾನಿಯನ್ನು ಸೇರಿಸಬೇಕೆಂದು ರಾಜಸ್ಥಾನದ ವಿಧಾನಸಭೆ 2003ರಲ್ಲೇ ಒಮ್ಮತದ ನಿರ್ಣಯ ಮಾಡಿತು. ಇಷ್ಟು ವರ್ಷ ಕಳೆದರೂ ಅದು ಈಡೇರಿಲ್ಲ.

ಇಷ್ಟೊಂದು ಪ್ರಭೇದಗಳಿರುವಾಗ ಯಾವುದನ್ನು ರಾಜಸ್ಥಾನಿ ಎನ್ನಬೇಕು ಎಂದು ಕೆಲವು ಗೆಳೆಯರು ಕೇಳುತ್ತಾರೆ. ಧಾರವಾಡ, ಕುಂದಾಪುರ, ಚಾಮರಾಜನಗರಗಳ ಮಾತನ್ನು ಕೇಳಿದವರು ಈ ಪ್ರಶ್ನೆ ಎತ್ತಬಾರದು. ಶಾಲೆ, ಪತ್ರಿಕೆ, ಆಡಳಿತಗಳಲ್ಲಿ ದಿನವೂ ಬಳಸುತ್ತ ಬಂದರೆ ಬರಹದ ಒಂದು ರೂಪ ತಾನೇ ನೆಲೆಗೊಳ್ಳುತ್ತದೆ. ದೆಹಲಿ, ಮೀರತ್ ಸುತ್ತಲಿನ ಖಡೀಬೋಲಿ ಪ್ರಮಾಣ ಹಿಂದಿಯಾದದ್ದೂ ಹೀಗೆಯೇ. ಆ ಅವಕಾಶವನ್ನೇ ಕೊಡದೆ, ಒಂದು ರೂಪವಿಲ್ಲ ಎಂದು ದೂರುವುದು ಅನ್ಯಾಯ.

ಇದು ದೂರದವರ ಜಗಳ, ನಮಗೇಕೆ ಎನ್ನುವವರು ವಿಜಯಪುರ, ಕಲಬುರಗಿಯ ತಾಂಡಾಗಳ ಕಡೆ ನೋಡಬೇಕು. ರಾಜಸ್ಥಾನಿಯ ಬಳಗಕ್ಕೇ ಸೇರಿದ ಲಂಬಾಣಿಯನ್ನು ಆಡುವ ನಮ್ಮ ನೆರೆಹೊರೆಯವರನ್ನೂ ಅದೇ ಜನಗಣತಿ ಹಿಂದಿಯವರೆಂದೇ ಎಣಿಸಿದೆ.